ಸುಮ್ಮನೆ, ಸುಮ್ನೆ

ಫ್ರಾನ್ಸಿನ ಲಿಯೋನ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಎಂಬತ್ತು ದಾಟಿದ ಅಜ್ಜಿ. ಕೆಳಗೆ ಅವರು, ಮೇಲೆ ನಾನು. ಪಾತ್ರೆ ತೊಳೆಯುವಾಗ ಅವರು ಹಾಡಿಕೊಳ್ಳುತ್ತಿದ್ದರು. ಅಡುಗೆಮನೆ ಕಿಟಕಿ ತೆರೆದಿದ್ದರೆ ನನಗೆ ಎಲ್ಲ ಕೇಳುತ್ತಿತ್ತು. ದನಿ ನಡುಗುತ್ತಿತ್ತು, ಶ್ರುತಿ ಅಲ್ಲಲ್ಲಿ ಜಾರುತ್ತಿತ್ತು. ಆದರೆ ಒಂದೊಂದು ಮಾತೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತಿತ್ತು. ನನ್ನ ಅರೆಬರೆ ಫ್ರೆಂಚಿಗೂ ಅರ್ಥವಾಗುತ್ತಿತ್ತು ಅಂದರೆ ಲೆಕ್ಕ ಹಾಕಿ. ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕಾಗ ಅದು ಯಾವ ಹಾಡು ಅಂತ ಕೇಳಿದೆ. "ದೂಸ್ ಫ್ರಾಂಸ್," ಅಂದರು. ಇದೂ ಗೊತ್ತಿಲ್ಲವಾ ಅನ್ನುವ ಹಾಗೆ ನನ್ನನ್ನೊಮ್ಮೆ ನೋಡಿದರು.

ಅದೇ ಅಜ್ಜಿಗೆ ಇನ್ನೊಂದು ದಿನ, ಒಪೆರಾ ನೋಡಲು ಟಿಕೆಟ್ ತಗೊಂಡಿದ್ದೇನೆ ಅಂತ ಖುಷಿಯಿಂದ ಹೇಳಿದೆ. ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಅಗ್ಗದ ಸೀಟು. ಅವರು ಕೈ ಒರೆಸಿಕೊಳ್ಳುತ್ತಾ, "ಹೋಗಿಬನ್ನಿ. ಆದರೆ ಅಲ್ಲಿ ಯಾರೂ ಹಾಡುವುದಿಲ್ಲ. ಕೂಗುತ್ತಾರೆ," ಅಂದರು.

ಲಿಯೋನ್ ಒಪೆರಾ ಒಳಗೆಲ್ಲ ಕಪ್ಪು. 19ನೇ ಶತಮಾನದ ಹಳೆಯ ಗೋಡೆಗಳನ್ನು ಹಾಗೇ ಇಟ್ಟುಕೊಂಡು, ಒಳಗಿನದನ್ನೆಲ್ಲ ತೆಗೆದು, ಮೇಲೆ ಪೀಪಾಯಿಯನ್ನು ಅಡ್ಡ ಮಲಗಿಸಿದಂಥ ಗಾಜಿನ ಚಾವಣಿ ಕೂರಿಸಿದವನು ವಾಸ್ತುಶಿಲ್ಪಿ ಜಾಂ ನುವೆಲ್. ಹೊಸ ರೂಪದಲ್ಲಿ ಅದು ತೆರೆದದ್ದು 1993ರಲ್ಲಿ. ಅಷ್ಟು ಮೇಲೆ ಕೂತವಳಿಗೆ ಹಾಡುಗಾರ ಹೆಬ್ಬೆರಳಿನಷ್ಟು ಕಾಣುತ್ತಿದ್ದ. ದನಿ ಮಾತ್ರ ನೇರ ಬಂದು ಎದೆಗೆ ತಾಗುತ್ತಿತ್ತು. ಮಾತು? ಒಂದೂ ತಿಳಿಯಲಿಲ್ಲ. ಮೇಲೆ ಪರದೆಯಲ್ಲಿ ಬರುತ್ತಿದ್ದ ಅಕ್ಷರ ಓದಿಕೊಂಡೆ. ಹಾಡುತ್ತಿದ್ದದ್ದು ಫ್ರೆಂಚಿನಲ್ಲೇ, ಅಕ್ಷರವೂ ಫ್ರೆಂಚೇ. ಅಜ್ಜಿ ಹೇಳಿದ್ದು ಅಷ್ಟೇನೂ ಸುಳ್ಳಲ್ಲ ಅನ್ನಿಸಿತು.

ಇಷ್ಟೆಲ್ಲ ನೆನಪಾಗಲು ಕಾರಣ ಒಂದು ಆಲ್ಬಮ್. 2024ರಲ್ಲಿ ಬೆಂಜಮಿನ್ ಬರ್ನ್‌ಹೈಮ್ ಎಂಬ ಟೆನರ್ 'ದೂಸ್ ಫ್ರಾಂಸ್', ಅಂದರೆ ಸಿಹಿ ಫ್ರಾನ್ಸ್, ಅನ್ನುವ ಹೆಸರಿನಲ್ಲೇ ಒಂದು ಆಲ್ಬಮ್ ತಂದರು. ಟೆನರ್ ಅಂದರೆ ಒಪೆರಾದಲ್ಲಿ ಗಂಡಸರ ಎತ್ತರದ ದನಿ. ಕಥೆಯಲ್ಲಿ ಪ್ರೇಮಿ ಯಾರೋ ಸಾಮಾನ್ಯವಾಗಿ ಅವರೇ ಟೆನರ್. ಇವರು ಹುಟ್ಟಿದ್ದು 1985ರಲ್ಲಿ ಪ್ಯಾರಿಸ್‌ನಲ್ಲಿ, ಬೆಳೆದದ್ದು ಜಿನೀವಾದಲ್ಲಿ. ಫ್ರೆಂಚ್ ಒಪೆರಾದ ನಾಯಕ ಪಾತ್ರಗಳಿಗೆ ಈಗ ದೊಡ್ಡ ರಂಗಮಂದಿರಗಳು ಮೊದಲು ಫೋನ್ ಮಾಡುವ ಕೆಲವೇ ಜನರಲ್ಲಿ ಒಬ್ಬರು. ಹೆಸರು ಗೊತ್ತಿಲ್ಲದಿದ್ದರೂ ನೀವು ಇವರನ್ನು ನೋಡಿರಬಹುದು. ಪ್ಯಾರಿಸ್ ಒಲಿಂಪಿಕ್ಸ್ ಮುಗಿದ 2024ರ ಆಗಸ್ಟ್ 11ರ ರಾತ್ರಿ, ಸ್ಟೇಡಿಯಂನಲ್ಲಿ ಒಂದು ಪಿಯಾನೋವನ್ನು ನೆಟ್ಟಗೆ ಗಾಳಿಯಲ್ಲಿ ತೂಗುಹಾಕಿದ್ದರು, ನುಡಿಸುವವನ ಸಮೇತ. ಆಗ 'ಅಪೋಲೋ ಸ್ತುತಿ' ಹಾಡಿದ್ದು ಇವರೇ. ಕಲ್ಲಿನ ಮೇಲೆ ಕೊರೆದಿದ್ದ ಆ ಪ್ರಾಚೀನ ಹಾಡು ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕಿದ್ದು 1893ರಲ್ಲಿ. ಮರುವರ್ಷ ಫ್ರೆಂಚ್ ಸಂಗೀತಗಾರ ಗಾಬ್ರಿಯೆಲ್ ಫೋರೆ ಅದಕ್ಕೆ ಪಕ್ಕವಾದ್ಯ ಬರೆದುಕೊಟ್ಟ. ಹೊಸ ಕಾಲದ ಒಲಿಂಪಿಕ್ಸ್ ನಡೆಸೋಣ ಅಂತ ತೀರ್ಮಾನವಾದ 1894ರ ಸಭೆಯಲ್ಲೇ ಅದನ್ನು ಹಾಡಿದ್ದರು.

ಅದು ಬಿಡಿ. ಸ್ಟೇಡಿಯಂ ತುಂಬ ಜನರ ಎದುರು ಹಾಡಿದ ಮನುಷ್ಯ ಈ ಆಲ್ಬಮ್‌ನಲ್ಲಿ ಪಿಯಾನೋ ಒಂದನ್ನೇ ಇಟ್ಟುಕೊಂಡು ಹಾಡಿದ್ದಾರೆ. ನುಡಿಸಿದವರು ಕ್ಯಾರಿ-ಆನ್ ಮ್ಯಾಥೆಸನ್. ಬೆರ್ಲಿಯೋಜ್, ಶೋಸೋಂ, ದ್ಯುಪಾರ್ಕ್ ಎಂಬ ಮೂವರು 19ನೇ ಶತಮಾನದ ಸಂಗೀತಗಾರರ ಹಾಡುಗಳೇ ಮುಕ್ಕಾಲು ಭಾಗ. ಅವುಗಳ ಜೊತೆಗೆ ಫ್ರಾನ್ಸಿನ ಬೀದಿ, ರೇಡಿಯೋ, ಸಿನಿಮಾದ ಮೂರು ಹಾಡು. ಶಾರ್ಲ್ ತ್ರೆನೆಯ 'ದೂಸ್ ಫ್ರಾಂಸ್', ಕೊಸ್ಮಾನ 'ಲೆ ಫೇಯ್ ಮೊರ್ತ್', ಜಾಕ್ ಬ್ರೆಲ್‌ನ 'ಕಾಂ ತೊಂ ನಾ ಕ ಲಾಮೂರ್'. ನಾನು ಈ ಆಲ್ಬಮ್ ಹಾಕಿದ್ದು ಆ ಮೂರಕ್ಕಾಗಿ. ಸಿಕ್ಕಿಬಿದ್ದದ್ದು ಉಳಿದವುಗಳಲ್ಲಿ.

ಮೊದಲ ಬಗೆಯ ಹಾಡಿಗೆ ಫ್ರೆಂಚರು 'ಮೆಲೊದಿ' ಅನ್ನುತ್ತಾರೆ. ನಾವು ಮಾಮೂಲಿ ಅನ್ನುವ ಮೆಲೊಡಿ ಅಲ್ಲ ಇದು. ಒಳ್ಳೆಯ ಕವಿಯ ಒಂದು ಕವಿತೆ ಮೊದಲೇ ಪುಸ್ತಕದಲ್ಲಿರುತ್ತದೆ. ಅದನ್ನು ಓದಿದ ಸಂಗೀತಗಾರ ಒಂದು ಕಂಠಕ್ಕೆ, ಒಂದು ಪಿಯಾನೋಗೆ ಹೊಂದಿಸುತ್ತಾನೆ. ನಮ್ಮ ಭಾವಗೀತೆಯ ಮಾದರಿಯೇ ಅಂತ ಇಟ್ಟುಕೊಳ್ಳಿ. ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಹಾಡುವವರು ಒಂದು ಸಾಲನ್ನು ನಾಲ್ಕು ಥರ ತಿರುಗಿಸಿ ಹಾಡಬಹುದು. ಇಲ್ಲಿ ಎಲ್ಲ ಬರೆದಿಟ್ಟಿರುತ್ತದೆ. ಎಲ್ಲಿ ಮೆಲ್ಲಗೆ, ಎಲ್ಲಿ ಉಸಿರು, ಎಲ್ಲಿ ತಡೆದು ನಿಲ್ಲಬೇಕು, ಎಲ್ಲಾ. ಎರಡನೆಯ ಬಗೆಗೆ 'ಶಾಂಸೊಂ' ಅನ್ನುತ್ತಾರೆ. ಆ ಮಾತಿಗೆ ಹಾಡು ಅಂತ ಅಷ್ಟೇ ಅರ್ಥ. ಬರೆದವನೇ ಹಾಡಬಹುದು, ಯಾರೂ ಹಾಡಬಹುದು. ಪಾತ್ರೆ ತೊಳೆಯುವ ಅಜ್ಜಿ ಕೂಡ.

ಮೆಲೊದಿ ಹುಟ್ಟಿದ್ದೂ ಬೆಳೆದದ್ದೂ ಮನೆಯ ದೊಡ್ಡ ಕೋಣೆಗಳಲ್ಲಿ. ಶ್ರೀಮಂತರ ಮನೆಯ ಸಂಜೆಗಳು. ಅಂಥ ಮನೆಗಳಲ್ಲಿ ತುಂಬ ಹೆಸರಾದದ್ದು ಪ್ಯಾರಿಸ್‌ನ ಪೋಲಿನ್ಯಾಕ್ ರಾಜಕುಮಾರಿಯದು. ಫೋರೆ ವೆರ್ಲೇನ್‌ನ ಐದು ಕವಿತೆಗಳಿಗೆ ಸಂಗೀತ ಹಾಕಿ ಅವಳಿಗೇ ಅರ್ಪಿಸಿದ. ರಾಜಕುಮಾರಿ ಅನ್ನುವ ಪದವಿ ಮದುವೆಯಿಂದ ಬಂದದ್ದು. ದುಡ್ಡು ಬಂದದ್ದು ಅಪ್ಪನಿಂದ. ಅಪ್ಪನ ಹೆಸರು ಐಸಾಕ್ ಸಿಂಗರ್. ಹೌದು, ನಮ್ಮ ಅಜ್ಜಿಯರ ಮನೆಗಳಲ್ಲಿ ಇರುತ್ತಿದ್ದ, ಕಾಲಲ್ಲಿ ತುಳಿಯುವ, ಕಪ್ಪು ಮೈಗೆ ಚಿನ್ನದ ಬಳ್ಳಿ ಬರೆದಿದ್ದ ಅದೇ ಹೊಲಿಗೆ ಮಷೀನಿನ ಸಿಂಗರ್. ಊರೂರಲ್ಲಿ ಹೆಂಗಸರು ರವಿಕೆ ಹೊಲಿದ ದುಡ್ಡಿನಲ್ಲಿ ಪ್ಯಾರಿಸ್‌ನಲ್ಲಿ ವೆರ್ಲೇನ್ ಕವಿತೆ ಹಾಡಿಸಿದ್ದು ನನಗೆ ಬಹಳ ಮಜಾ ಅನ್ನಿಸುವ ವಿಷಯ.

ಕೋಣೆಯಲ್ಲಿ ಐವತ್ತು ಅರವತ್ತು ಜನ. ಹಾಡುವವರಿಂದ ಮೊದಲ ಕುರ್ಚಿಗೆ ನಾಲ್ಕು ಹೆಜ್ಜೆ. ಅಲ್ಲಿ ಒಪೆರಾ ದನಿ ತೆಗೆದರೆ ಕಿವಿ ಮುಚ್ಚಿಕೊಳ್ಳಬೇಕು. ಹಾಗಾಗಿ ಈ ಹಾಡುಗಳು ಸಣ್ಣ ದನಿಗೆ ಒಗ್ಗಿಕೊಂಡವು.

ಒಪೆರಾದವನ ಪಾಡು ಇದಕ್ಕೆ ಪೂರ್ತಿ ತದ್ವಿರುದ್ಧ. ಪ್ಯಾರಿಸ್‌ನ ಬಾಸ್ತಿಯ್ ಒಪೆರಾದಲ್ಲಿ 2,700ಕ್ಕೂ ಜಾಸ್ತಿ ಸೀಟು. ಮೈಕ್ ಇಲ್ಲ. ವೇದಿಕೆ ಮುಂದಿನ ಹಳ್ಳದಲ್ಲಿ ಎಂಬತ್ತು ಜನ ವಾದ್ಯದವರು. ಅವರ ಮೇಲಿಂದ ದಾಟಿ ಕೊನೆಯ ಸಾಲಿಗೆ ಒಬ್ಬನ ಗಂಟಲು ಹೋಗಿ ಮುಟ್ಟಬೇಕು. ಇದು ಬರೀ ಜೋರಿನ ಮಾತಲ್ಲ. ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬೆರಿ ಇದನ್ನು ಅಳೆದು ನೋಡಿದ. ವಾದ್ಯಗಳ ಸದ್ದು ದಟ್ಟವಾಗಿರುವುದು 500 ಹರ್ಟ್ಸ್, ಅಂದರೆ ಸೆಕೆಂಡಿಗೆ 500 ಕಂಪನದ ಆಸುಪಾಸಿನಲ್ಲಿ. ಅಲ್ಲಿಂದ ಮೇಲೆ ಹೋದ ಹಾಗೆ ಇಳಿಯುತ್ತಾ ಬರುತ್ತದೆ. ಪಳಗಿದ ಒಪೆರಾ ಗಂಡಸು ಗಂಟಲನ್ನು ಕೆಳಗಿಳಿಸಿ, ಬಾಯಿಯ ಹಿಂಭಾಗ ಅಗಲಿಸಿ ಹಾಡಿದಾಗ ಅವನ ದನಿಯಲ್ಲಿ 3,000 ಹರ್ಟ್ಸ್ ಹತ್ತಿರ ಒಂದು ದಿಣ್ಣೆ ಏಳುತ್ತದೆ. ಅಲ್ಲಿ ವಾದ್ಯಗಳ ಸದ್ದು ತೆಳು. ನಮ್ಮ ಕಿವಿಯೂ ಅಲ್ಲಿ ಚುರುಕು. ಅಂದರೆ ಸಂತೆಯ ಗದ್ದಲದಲ್ಲಿ ಯಾರೂ ಇಲ್ಲದ ಓಣಿ ಹುಡುಕಿ ಅದರಲ್ಲಿ ನಡೆದುಬಂದ ಹಾಗೆ. ಮೈಕ್ ಬರುವ ಮುಂಚಿನ ನಮ್ಮ ಕಂಪನಿ ನಾಟಕದ ನಟರೂ ಕೊನೆಯ ಸಾಲಿನವರಿಗೆ ಕೇಳಿಸಲು ತಮ್ಮದೇ ದಾರಿ ಹುಡುಕಿಕೊಂಡಿದ್ದರು.

ಈ ವಿದ್ಯೆಗೆ ಒಂದು ದಂಡ ತೆರಬೇಕು. ದೂರ ಹೋಗುವುದು ಸ್ವರ. ವ್ಯಂಜನ ದೂರ ಹೋಗುವುದಿಲ್ಲ. 'ಪ', 'ತ', 'ಕ' ಅಂದಾಗಲೆಲ್ಲ ದನಿಗೆ ಒಂದು ಕ್ಷಣ ಬಾಗಿಲು ಹಾಕಿದಂತೆ. ಹಾಗಾಗಿ ಒಪೆರಾದವರು ವ್ಯಂಜನವನ್ನು ಮುಟ್ಟಿಯೂ ಮುಟ್ಟದ ಹಾಗೆ ದಾಟುತ್ತಾರೆ. ಎತ್ತರದ ಸ್ವರದಲ್ಲಿ 'ಇ'ಯೂ 'ಎ'ಯೂ ಬಾಯಿ ತೆರೆದು ಒಂದೇ ಥರ ಆಗಿಬಿಡುತ್ತವೆ. ಲಿಯೋನ್‌ನಲ್ಲಿ ನನಗೆ ಮಾತು ತಿಳಿಯದೇ ಹೋದದ್ದು ಇದಕ್ಕೇ.

ಶಾಂಸೊಂ ನಿಂತಿರುವುದೇ ವ್ಯಂಜನದ ಮೇಲೆ. ಅಲ್ಲಿ ಕಥೆ ಮುಖ್ಯ. ಶಾಂಸೊಂ ಗಾಯಕಿ ಎದಿತ್ ಪಿಯಾಫ್ ಹಾಡುವಾಗ ಆ ಗಂಟಲಿನ 'ರ' ಹೇಗೆ ಉರುಳುತ್ತದೆ ನೆನಪಿದೆಯಾ? ನನಗೆ ಬೆಂಗಳೂರಿನಲ್ಲಿ ಫ್ರೆಂಚ್ ಕಲಿಸಿದ ಮೇಡಂ ಆ 'ರ'ಗೋಸ್ಕರ ಮೂರು ತಿಂಗಳು ನೀರು ಮುಕ್ಕಳಿಸಿದಂತೆ ಸದ್ದು ಮಾಡಿಸಿದ್ದರು. ನಾಲಿಗೆ ತುದಿಯಲ್ಲಿ ಹುಟ್ಟುವ ನಮ್ಮ ರಕಾರವನ್ನು ನನ್ನಿಂದ ಬಿಡಿಸಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಆಮೇಲೆ ಗೊತ್ತಾಯಿತು. ಫ್ರೆಂಚ್ ಒಪೆರಾದವರೂ ಮೆಲೊದಿಯವರೂ ಹಾಡುವಾಗ ಆಡುಮಾತಿನ 'ರ' ಬಿಟ್ಟು, ನಾಲಿಗೆ ತುದಿಯ 'ರ'ವನ್ನೇ ಬಳಸುವುದು ರೂಢಿ. ನಮ್ಮದೇ ರಕಾರ! ನಾನು ಮೂರು ತಿಂಗಳು ಕಷ್ಟಪಟ್ಟು ಬಿಟ್ಟದ್ದನ್ನು ಅವರು ವರ್ಷಗಟ್ಟಲೆ ಕಷ್ಟಪಟ್ಟು ಕಲಿಯುತ್ತಾರೆ.

ಇನ್ನೊಂದು ಇದಕ್ಕಿಂತ ನುಣುಪಾದ ವಿಷಯ. ಫ್ರೆಂಚ್ ಪದಗಳ ಕೊನೆಯಲ್ಲಿ ಬರೆಯುವ, ಮಾತಾಡುವಾಗ ನುಂಗಿಬಿಡುವ ಒಂದು 'ಎ' ಇದೆ. 'ದೂಸ್ ಫ್ರಾಂಸ್' ಅಂತ ಬೀದಿಯಲ್ಲಿ ಎರಡೇ ಉಸಿರಿಗೆ ಮುಗಿಯುವುದು ಹಾಡಿನಲ್ಲಿ 'ದೂ-ಸ-ಫ್ರಾಂ-ಸ' ಅಂತ ನಾಲ್ಕಾಗುತ್ತದೆ. ನಮಗೆ ಇದು ಹೊಸದೇನಲ್ಲ. ಬರೆಯುವಾಗ 'ಸುಮ್ಮನೆ', ಮಾತಾಡುವಾಗ 'ಸುಮ್ನೆ'. ಬರೆಯುವಾಗ 'ಬರುತ್ತಾನೆ', ಮಾತಾಡುವಾಗ 'ಬರ್ತಾನೆ'. ಮೆಲೊದಿ ಹಾಡುವವರು ಯಾವಾಗಲೂ 'ಸುಮ್ಮನೆ' ಅನ್ನಬೇಕು. ಶಾಂಸೊಂ ಹಾಡುವವರಿಗೆ ಎರಡೂ ಕೈಯಲ್ಲಿವೆ. ಬೇಕೆಂದಾಗ 'ಸುಮ್ಮನೆ', ಸಾಕೆನಿಸಿದಾಗ 'ಸುಮ್ನೆ'. ಈ ಸಾಕೆನಿಸುವುದು ಎಲ್ಲಿ ಅನ್ನುವುದನ್ನು ಯಾವ ಸಂಗೀತ ಶಾಲೆಯೂ ಕಲಿಸಲಾರದು. ಒಪೆರಾ ಹಾಡುಗಾರರು ಜನಪ್ರಿಯ ಹಾಡಿಗೆ ಕೈಹಾಕಿದಾಗ ನಾನು ಮೊದಲು ಕಿವಿಗೊಡುವುದು ಇದಕ್ಕೇ. ಹೆಚ್ಚಿನವರು ಎಲ್ಲ ಕಡೆಯೂ 'ಸುಮ್ಮನೆ' ಅನ್ನುತ್ತಾರೆ. ಕೆಲವರು ಬೇಕಂತಲೇ ಎಲ್ಲ ಕಡೆ 'ಸುಮ್ನೆ' ಅಂದು, ಉಸಿರು ಬೆರೆಸಿ, ಸ್ವರ ಜಾರಿಸಿ ಹಾಡುತ್ತಾರೆ. ಮದುವೆಮನೆಯಲ್ಲಿ ಹುಡುಗರ ಜೊತೆ ಕುಣಿಯಲು ಇಳಿದ ಹೆಡ್‌ಮಾಸ್ತರರನ್ನು ನೋಡಿದ ಹಾಗಾಗುತ್ತದೆ. ಪಾಪ ಅನ್ನಿಸುತ್ತದೆ, ನಗುವೂ ಬರುತ್ತದೆ.

ಆಲ್ಬಮ್‌ನಲ್ಲಿ ನಾನು ಮೊದಲು ಸಿಕ್ಕಿಬಿದ್ದದ್ದು ಆನ್ರಿ ದ್ಯುಪಾರ್ಕ್‌ನ 'ಲ್ಯಾಂವಿತಾಸಿಯೊಂ ಓ ವೊಯಾಜ್' ಹಾಡಿನಲ್ಲಿ. ಪಯಣಕ್ಕೊಂದು ಕರೆ ಅನ್ನಬಹುದು. ಕವಿತೆ ಬೋದಿಲೇರ್‌ನದು. ಅವನ ಕವಿತೆಗಳ ಅನುವಾದ, ಲಂಕೇಶರ 'ಪಾಪದ ಹೂಗಳು' ಓದಿದವರಿಗೆ ಬೋದಿಲೇರ್ ಹೊಸಬನಲ್ಲ. ನನಗೂ ಅವನು ಮೊದಲು ಸಿಕ್ಕಿದ್ದು ಅಲ್ಲೇ, ಕನ್ನಡದಲ್ಲೇ. ಎಷ್ಟೋ ವರ್ಷ ಬೋದಿಲೇರ್ ಅಂದರೆ ನನ್ನ ತಲೆಯಲ್ಲಿ ಲಂಕೇಶರ ದನಿಯೇ ಕೇಳುತ್ತಿತ್ತು. ಸಿಟ್ಟು, ಸಿಗರೇಟು, ಬೀದಿ ದೀಪ. ಹಾಗಾಗಿ ಅದೇ ಕವಿಯ ಸಾಲುಗಳು ಇಷ್ಟು ನೆಮ್ಮದಿಯಾಗಿ ಕಿವಿಗೆ ಬಿದ್ದಾಗ ಗಲಿಬಿಲಿಯಾಯಿತು.

ದ್ಯುಪಾರ್ಕ್ ಇದನ್ನು ಬರೆದದ್ದು 1870ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ. ಕವಿತೆಯ ಮೂರು ಭಾಗದಲ್ಲಿ ನಡುವಿನದನ್ನು ಪೂರ್ತಿ ಬಿಟ್ಟುಬಿಟ್ಟ. ಪಿಯಾನೋದ ಎಡಗೈ ಷಡ್ಜ-ಪಂಚಮ ಹಿಡಿದು ನಿಂತುಬಿಡುತ್ತದೆ, ತಂಬೂರಿ ಮೀಟಿದ ಹಾಗೆ. ಮೇಲೆ ಬಲಗೈ ನೀರಿನಂತೆ ಅಲುಗುತ್ತಿರುತ್ತದೆ. ಆಮೇಲೆ ಆ ಹೆಸರಾಂತ ಪಲ್ಲವಿ ಬರುತ್ತದೆ. ಅಲ್ಲಿ ಎಲ್ಲವೂ ಕ್ರಮ, ಚೆಲುವು, ಸಿರಿ, ಶಾಂತಿ, ಸುಖ ಅನ್ನುವ ಸಾಲು. ದ್ಯುಪಾರ್ಕ್ ಅಲ್ಲಿ ರಾಗ ಕೊಡುವುದೇ ಇಲ್ಲ. ಹೆಚ್ಚುಕಮ್ಮಿ ಒಂದೇ ಸ್ವರದ ಮೇಲೆ ಮಾತನ್ನು ಇಟ್ಟುಬಿಡುತ್ತಾನೆ. ಹಾಡುಗಾರನಿಗೆ ತೋರಿಸಿಕೊಳ್ಳಲು ಏನೂ ಇಲ್ಲ. ಎತ್ತರದ ಸ್ವರವಿಲ್ಲ, ಗಮಕವಿಲ್ಲ. ಮಾತು ಹೇಳಬೇಕು, ಅಷ್ಟೇ. ಬರ್ನ್‌ಹೈಮ್ ಆ ಸಾಲನ್ನು ಹೇಳುವ ರೀತಿಗೆ ನಾನು ಹತ್ತು ಸಲ ಹಿಂದೆ ಹೋಗಿ ಕೇಳಿದ್ದೇನೆ. ಒಂದೊಂದು ಪದವನ್ನೂ ಮೇಜಿನ ಮೇಲೆ ಸದ್ದಾಗದ ಹಾಗೆ ಇಟ್ಟಂತೆ.

ದ್ಯುಪಾರ್ಕ್‌ನ ಕಥೆ ಕೇಳಿದರೆ ಆ ಶಾಂತಿ ಇನ್ನಷ್ಟು ಚುಚ್ಚುತ್ತದೆ. 1885ರಲ್ಲಿ, ಮೂವತ್ತೇಳನೇ ವಯಸ್ಸಿಗೆ, ನರಗಳ ಕಾಯಿಲೆಯಿಂದ ಅವನು ಬರೆಯುವುದನ್ನು ನಿಲ್ಲಿಸಿದ. ಬರೆದದ್ದರಲ್ಲಿ ಬಹುಪಾಲನ್ನು ತಾನೇ ಹಾಳು ಮಾಡಿದ. ಉಳಿದದ್ದು ಸುಮಾರು 17 ಹಾಡು, ಇನ್ನು ಕೆಲವು ಕೃತಿ. ಆಮೇಲೆ ಸುಮ್ಮನೆ ಬದುಕಿದ, 1933ರವರೆಗೆ. ಕಣ್ಣೂ ಹೋಗಿತ್ತು. ನಲವತ್ತೆಂಟು ವರ್ಷ ಮೌನ! ಅವನ ಕೊನೆಯ ಹಾಡೂ ಬೋದಿಲೇರ್‌ನದೇ, 'ಲಾ ವೀ ಆಂತೆರಿಯರ್', ಹಿಂದಿನ ಜನ್ಮ. ಅದೂ ಈ ಆಲ್ಬಮ್‌ನಲ್ಲಿದೆ.

ಶೋಸೋಂ ಬರೆದ 'ಪ್ರೀತಿ ಮತ್ತು ಕಡಲಿನ ಕವಿತೆ' ಅನ್ನುವ ದೊಡ್ಡ ಹಾಡು ಅರ್ಪಣೆಯಾದದ್ದು ಇದೇ ದ್ಯುಪಾರ್ಕ್‌ಗೆ. ಈಗ ಅದನ್ನು ಸಾಮಾನ್ಯವಾಗಿ ಹೆಂಗಸರು ಹಾಡುತ್ತಾರೆ, ದೊಡ್ಡ ವಾದ್ಯವೃಂದದ ಜೊತೆ. ಆದರೆ 1893ರಲ್ಲಿ ಬ್ರಸೆಲ್ಸ್‌ನಲ್ಲಿ ಅದನ್ನು ಮೊದಲು ಹಾಡಿದವನು ಒಬ್ಬ ಟೆನರ್. ಪಿಯಾನೋ ನುಡಿಸಿದವನು ಶೋಸೋಂ ತಾನೇ. ಅಂದರೆ ಇದು ಗಂಡು ದನಿಗೆ ಹೊಸ ಸಾಹಸವಲ್ಲ, ಬಿಟ್ಟುಹೋದ ಮನೆಗೆ ವಾಪಸ್ ಬಂದದ್ದು. ಬೆರ್ಲಿಯೋಜ್‌ನ 'ಬೇಸಿಗೆಯ ರಾತ್ರಿಗಳು' ಕೂಡ ಹಾಗೇ. 1841ರಲ್ಲಿ ಅಚ್ಚಾದಾಗ ಮೆಝೋಗೆ, ಅಂದರೆ ನಡು ಎತ್ತರದ ಹೆಣ್ಣು ದನಿಗೆ, ಅಥವಾ ಟೆನರ್‌ಗೆ ಅಂತಲೇ ಇತ್ತು, ಪಿಯಾನೋ ಜೊತೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಶೋಸೋಂ ಹಾಡು ನನಗೆ ಉದ್ದವಾಯಿತು. ಕಡಲು ಬಂತು, ಹೂ ಬಾಡಿತು, ಪ್ರೀತಿ ಸತ್ತಿತು, ನಾನು ಎದ್ದು ಟೀ ಮಾಡಿಕೊಂಡು ಬಂದೆ, ಇನ್ನೂ ಕಡಲು. ಆರ್ಕೆಸ್ಟ್ರಾ ಇಲ್ಲದೆ ಅದು ಸ್ವಲ್ಪ ಒಣಗುತ್ತದೆ ಅಂತ ನನ್ನ ಅನಿಸಿಕೆ.

ಈಗ ಆ ಮೂರು ಹಾಡಿಗೆ ಬರೋಣ.

'ಫೇಯ್ ಮೊರ್ತ್' ಅಂದರೆ ಉದುರಿದ ಎಲೆಗಳು. ಸಂಗೀತ ಜೋಸೆಫ್ ಕೊಸ್ಮಾನದು, ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಯಹೂದಿ. 1933ರಲ್ಲಿ ಪ್ಯಾರಿಸ್‌ಗೆ ಬಂದ. ಜರ್ಮನ್ ಆಕ್ರಮಣದ ವರ್ಷಗಳಲ್ಲಿ ತನ್ನ ಹೆಸರಿನಲ್ಲಿ ಕೆಲಸ ಮಾಡುವಂತಿರಲಿಲ್ಲ. ಗೆಳೆಯ, ಕವಿ ಜಾಕ್ ಪ್ರೆವೇರ್ ಕೈಬಿಡಲಿಲ್ಲ. ಈ ರಾಗ ಮೊದಲು ಕೇಳಿಸಿದ್ದು 1945ರ ಒಂದು ಬ್ಯಾಲೆಯಲ್ಲಿ. ಆಮೇಲೆ ಪ್ರೆವೇರ್ ಅದಕ್ಕೆ ಮಾತು ಬರೆದ, 1946ರ ಒಂದು ಸಿನಿಮಾಕ್ಕಾಗಿ. ಆ ಸಿನಿಮಾದಲ್ಲಿ ಮಾರ್ಲೀನ್ ಡೀಟ್ರಿಚ್ ಮತ್ತು ಜಾಂ ಗಾಬಾಂ ಇರಬೇಕಿತ್ತು. ಇಬ್ಬರೂ ಬಿಟ್ಟರು. ಬದಲಿಗೆ ಬಂದ ಹೊಸ ಹುಡುಗ ಈವ್ ಮೊಂತಾಂ. ಸಿನಿಮಾ ಓಡಲಿಲ್ಲ, ಹಾಡು ಇವತ್ತಿಗೂ ಓಡುತ್ತಿದೆ. ಇಂಗ್ಲಿಷಿನಲ್ಲಿ 'ಆಟಮ್ ಲೀವ್ಸ್' ಅಂತ ಕೇಳಿರುತ್ತೀರಿ. ಜಾಝ್ ಕಲಿಯುವವರೆಲ್ಲ ಮೊದಲು ನುಡಿಸುವ ಹಾಡು.

ಮೊಂತಾಂ ಇದನ್ನು ಹಾಡುವಾಗ ಮೊದಲ ಭಾಗ ಹೆಚ್ಚುಕಮ್ಮಿ ಮಾತು. ಯಾರಿಗೋ ಕಾಗದ ಓದಿ ಹೇಳುತ್ತಿರುವ ಹಾಗೆ. ನಂತರ ಹಾಡು ತಾನಾಗಿ ಶುರುವಾಗಿಬಿಡುತ್ತದೆ, ಮಾತು ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ. ಬರ್ನ್‌ಹೈಮ್ ದನಿ ಅಲ್ಲಿಗೆ ಸ್ವಲ್ಪ ಜಾಸ್ತಿಯೇ ಚೆನ್ನಾಗಿದೆ. ಪ್ರತಿ ಸ್ವರವೂ ತೊಳೆದು ಒರೆಸಿಟ್ಟ ಹಾಗೆ. ಉದುರಿದ ಎಲೆಯನ್ನು ಗುಡಿಸಿ ರಾಶಿ ಹಾಕುವ ಹಾಡಿನಲ್ಲಿ ಸ್ವಲ್ಪ ಮಣ್ಣು ಇರಬೇಕಲ್ವಾ? ಆದರೂ ಹೆಡ್‌ಮಾಸ್ತರರ ಹಾಗೆ ಕುಣಿದಿಲ್ಲ. ತಾನು ಟೆನರ್ ಅಲ್ಲ ಅಂತ ನಟಿಸಿಲ್ಲ. ಅದಕ್ಕೆ ಮೆಚ್ಚುಗೆ.

ಇಲ್ಲಿ ಒಂದು ಮಾತು ತಿದ್ದಿಕೊಳ್ಳಬೇಕು. ಶಾಂಸೊಂ ಅಂದರೆ ಮೆಲುದನಿ, ಮೈಕ್ ಮುಂದಿನ ಪಿಸುಮಾತು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಜಾಂ ಸಾಬ್ಲೊಂ 1936ರಲ್ಲಿ ಫ್ರಾನ್ಸಿನ ವೇದಿಕೆಗೆ ಮೈಕ್ ತಂದಾಗ, ದನಿಯಿಲ್ಲದವನು ಅಂತ ಜನ ಗೇಲಿ ಮಾಡಿದ್ದರು. ಅವನ ದಾರಿ ನಿಜವಾಗಿ ಮೆಲ್ಲನೆಯದು. ಆದರೆ ಪಿಯಾಫ್? ಬೀದಿಯಲ್ಲಿ ಹಾಡಿ ಬೆಳೆದವಳು. ಆ ಪುಟ್ಟ ಹೆಂಗಸಿಗೆ ಮೈಕ್ ಬೇಕಿರಲಿಲ್ಲ. ಬ್ರೆಲ್? ಬೆವರು ಸುರಿಸಿ, ಕೈ ಬೀಸಿ, ಕೊನೆಗೆ ಕೂಗಿಯೇ ಬಿಡುತ್ತಿದ್ದ. ನಮ್ಮ ಲಿಯೋನ್ ಅಜ್ಜಿಗೆ ಬ್ರೆಲ್ ಅಂದರೆ ಪ್ರಾಣ. ಟೆನರ್ ಕೂಗಿದರೆ ತಪ್ಪು, ಬ್ರೆಲ್ ಕೂಗಿದರೆ ಸರಿಯಾ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದ್ದರೂ ಉತ್ತರ ನನಗೆ ಗೊತ್ತು. ಬ್ರೆಲ್ ಕೂಗುವಾಗಲೂ ಏನು ಕೂಗುತ್ತಿದ್ದಾನೆ ಅಂತ ತಿಳಿಯುತ್ತದೆ.

ಬ್ರೆಲ್ ಬೆಲ್ಜಿಯಂನವನು. ಕೊಸ್ಮಾ ಹಂಗೇರಿ, ಮೊಂತಾಂ ಇಟಲಿಯಲ್ಲಿ ಹುಟ್ಟಿದವನು. ಸಿಹಿ ಫ್ರಾನ್ಸಿನ ಹಾಡುಗಳಲ್ಲಿ ಹೊರಗಿನವರೇ ಎಷ್ಟು ಜನ ನೋಡಿ. 'ಕಾಂ ತೊಂ ನಾ ಕ ಲಾಮೂರ್' 1956ರದು. ನಮ್ಮಲ್ಲಿ ಪ್ರೀತಿಯೊಂದೇ ಇರುವಾಗ ಅಂತ ಅರ್ಥ. ಕಟ್ಟಿರುವುದು ಮೆಟ್ಟಿಲಿನ ಹಾಗೆ. ಅದೇ ಸಾಲು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲ ಒಂದು ಮೆಟ್ಟಿಲು ಮೇಲೆ. ಇಬ್ಬರ ಪ್ರೀತಿಯಲ್ಲಿ ಶುರುವಾದದ್ದು ಬೀದಿಗೆ, ಬಡವರಿಗೆ, ಯುದ್ಧಕ್ಕೆ ಹೋಗಿ, ಕೊನೆಗೆ ಇಡೀ ಲೋಕವನ್ನೇ ಕೈಗೆ ತಗೊಳ್ಳುತ್ತದೆ. ಇದು ಟೆನರ್‌ಗೆ ಹೇಳಿ ಮಾಡಿಸಿದ ಹಾಡು. ಮೂರರಲ್ಲಿ ಇದೇ ಗೆದ್ದಿದೆ. ಕೆಳಗಿನ ಮೆಟ್ಟಿಲಲ್ಲಿ ಇವರು ನಿಜವಾಗಿ ಮಾತಾಡುತ್ತಾರೆ. ಕೊನೆಯ ಮೆಟ್ಟಿಲಲ್ಲಿ ಆ 3,000 ಹರ್ಟ್ಸ್ ಓಣಿ ತೆರೆಯುತ್ತದೆ. ಅಷ್ಟು ಹೊತ್ತು ಬಚ್ಚಿಟ್ಟಿದ್ದ ದನಿ ಅದು ಅಂತ ಆಗ ಗೊತ್ತಾಗುತ್ತದೆ.

'ದೂಸ್ ಫ್ರಾಂಸ್' ಬೇರೆ ಥರದ್ದು. ಆ ಎರಡು ಪದ ಬಹಳ ಹಳೆಯವು. ಸುಮಾರು ಒಂಬೈನೂರು ವರ್ಷ ಹಿಂದಿನ ವೀರಗಾಥೆ 'ಶಾಂಸೊಂ ದ ರೊಲಾಂ'ದಲ್ಲಿ ಯುದ್ಧಭೂಮಿಯಲ್ಲಿ ಸಾಯುವ ವೀರರು ನೆನೆಯುವುದು ಇದೇ ಸಿಹಿ ಫ್ರಾನ್ಸನ್ನು. ತ್ರೆನೆ ಅದನ್ನು ಎತ್ತಿಕೊಂಡು 1943ರಲ್ಲಿ, ದೇಶ ಜರ್ಮನ್ನರ ಕೈಯಲ್ಲಿದ್ದಾಗ, ಗೆಳೆಯ ಲೇಯೋ ಶೋಲಿಯಾಕ್ ಜೊತೆ ಸೇರಿ ಹಾಡು ಮಾಡಿದ. ಅದರಲ್ಲಿ ಯುದ್ಧದ ಸುದ್ದಿಯೇ ಇಲ್ಲ. ಕಪ್ಪು ಅಂಗಿ ತೊಟ್ಟ ಶಾಲೆ ಹುಡುಗ, ಹಳ್ಳಿ, ಚರ್ಚಿನ ಗೋಪುರ. ಶಾಲೆಯ ದಾರಿಯಲ್ಲಿ ಹುಡುಗ ತುಂಬು ಗಂಟಲಲ್ಲಿ ಹಳೆಯ ಹಾಡು ಹಾಡುತ್ತಾ ಹೋಗುತ್ತಿದ್ದ ಅನ್ನುವ ಸಾಲು ಇದೆ. ಹಾಡುತ್ತಿದ್ದದ್ದು ಏನು ಅಂದರೆ 'ರೊಮಾಂಸ್ ಸಾಂ ಪರೋಲ್'. ಮಾತಿಲ್ಲದ ಹಾಡುಗಳು. ಅದು ವೆರ್ಲೇನ್‌ನ ಕವನ ಸಂಗ್ರಹದ ಹೆಸರು! ಫೋರೆಯ ಪಿಯಾನೋ ತುಣುಕುಗಳ ಹೆಸರೂ ಅದೇ. ಬೀದಿ ಹಾಡಿನ ಹುಡುಗ ಸಿಂಗರ್ ರಾಜಕುಮಾರಿಯ ಕೋಣೆಗೆ ಕಣ್ಣು ಮಿಟುಕಿಸಿ ಹೋಗಿದ್ದಾನೆ. ಅತ್ತ ಲೇಯೋ ಫೆರ್ರೆ ಎಂಬ ಶಾಂಸೊಂಗಾರ 1957ರಲ್ಲಿ ಬೋದಿಲೇರ್ ಕವಿತೆಗಳನ್ನು ಎತ್ತಿಕೊಂಡು ಒಂದು ಇಡೀ ಆಲ್ಬಮ್ ಮಾಡಿದ. ಬೇಲಿಯಲ್ಲಿ ಮೊದಲಿಂದಲೂ ತೂತು ಇದ್ದೇ ಇದೆ.

ಲಿಯೋನ್‌ನವರಿಗೆ ಈ ಹಾಡಿನ ಇನ್ನೊಂದು ನೆನಪಿದೆ. ಇದನ್ನು ನನಗೆ ಹೇಳಿದವನು ಆಫೀಸಿನ ಗೆಳೆಯ, ಅಲ್ಜೀರಿಯಾದಿಂದ ಬಂದ ಮನೆತನದವನು. ಆ ಊರಿನ ಹೊರವಲಯದ ವಲಸಿಗ ಹುಡುಗರು 1980ರಲ್ಲಿ ಕಟ್ಟಿದ ರಾಕ್ ತಂಡ 'ಕಾರ್ತ್ ದ ಸೆಜೂರ್'. ಹಾಗೆಂದರೆ ವಲಸಿಗರ ವಾಸದ ಪರವಾನಗಿ ಚೀಟಿ. ಹಾಡುಗಾರ ರಶೀದ್ ತಾಹಾ. 1986ರಲ್ಲಿ ಪೌರತ್ವದ ಕಾನೂನು ಬಿಗಿ ಮಾಡುವ ಚರ್ಚೆ ನಡೆಯುತ್ತಿದ್ದಾಗ ಅವರು 'ದೂಸ್ ಫ್ರಾಂಸ್' ಹಾಡಿದರು, ಅರಬ್ ತಾಳದಲ್ಲಿ, ಸ್ವಲ್ಪ ಮೂಗು ಮುರಿದ ದನಿಯಲ್ಲಿ. ಒಂದಕ್ಷರ ಬದಲಿಸಬೇಕಾಗಲಿಲ್ಲ. ನನ್ನ ಬಾಲ್ಯದ ಪ್ರೀತಿಯ ದೇಶ ಅಂತ ತಾಹಾ ಹಾಡಿದರೆ ಸಾಕಾಗಿತ್ತು.

ಇಷ್ಟೆಲ್ಲ ಹೊತ್ತ ಹಾಡನ್ನು ಟೆನರ್ ಒಬ್ಬ ಏನು ಮಾಡಬಹುದು? ಬರ್ನ್‌ಹೈಮ್ ಬುದ್ಧಿವಂತರು. ಏನೂ ಮಾಡಿಲ್ಲ. ಮೆಲೊದಿಯ ಶಿಸ್ತಿನಲ್ಲೇ ನೆಟ್ಟಗೆ ಹಾಡಿದ್ದಾರೆ. ಇನ್ನೊಬ್ಬ ಟೆನರ್ ರಾಬರ್ಟೊ ಅಲಾನ್ಯಾ ನೆನಪಾದರು. ಸಿಸಿಲಿಯಿಂದ ಬಂದ ಮನೆಯವರು, ಪ್ಯಾರಿಸ್ ಹೊರವಲಯದಲ್ಲಿ ಹುಟ್ಟಿದವರು. ಒಪೆರಾಕ್ಕೆ ಬರುವ ಮುಂಚೆ ಕ್ಯಾಬರೆಗಳಲ್ಲಿ ಹಾಡುತ್ತಿದ್ದರು. ಅವರು 2005ರಲ್ಲಿ ಹಳೆಯ ಜನಪ್ರಿಯ ಗಾಯಕ ಲೂಯಿಸ್ ಮರಿಯಾನೊ ಹಾಡುಗಳನ್ನು ಹಾಡಿದಾಗ ತಮ್ಮ ಬೀದಿಗೆ ವಾಪಸ್ ಬಂದವರ ಸಲೀಸು ಇತ್ತು, ಸ್ವಲ್ಪ ಜಾತ್ರೆಯೂ ಇತ್ತು. ಬರ್ನ್‌ಹೈಮ್ ಆ ಬೀದಿಯವರಲ್ಲ. ಮನೆಗೆ ಬಂದ ನೆಂಟರ ಹಾಗೆ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದಾರೆ.

ಲಿಂಕನ್ನು ಅಜ್ಜಿಯ ಮೊಮ್ಮಗಳಿಗೆ ಕಳಿಸಿದೆ. ಅವಳು ಭಾನುವಾರ ಹೋಗಿ ಅಜ್ಜಿಗೆ ಕೇಳಿಸಿದಳಂತೆ. ಪೂರ್ತಿ ಕೇಳಿ ಅಜ್ಜಿ ಹೇಳಿದ್ದು, "ಹುಡುಗ ಚೆನ್ನಾಗಿ ಓದಿಕೊಂಡಿದ್ದಾನೆ." ಅದು ಹೊಗಳಿಕೆಯೋ ಅಲ್ಲವೋ ಅಂತ ಮೊಮ್ಮಗಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಮೊನ್ನೆ ಇಲ್ಲಿ ಮನೆಯಲ್ಲಿ ಅಡುಗೆ ಮಾಡುತ್ತಾ ಬ್ರೆಲ್ ಹಾಡು ಹಾಕಿದ್ದೆ. ಮೊದಲ ಮೆಟ್ಟಿಲು, ಆ ಮಾತಿನಂಥ ಭಾಗ. ಅಮ್ಮ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದರು. ಸ್ವಲ್ಪ ಹೊತ್ತು ಕೇಳಿ, "ಯಾರೇ ಇವ್ನು?" ಅಂದರು.

"ದೊಡ್ಡ ಹಾಡುಗಾರ ಅಮ್ಮಾ. ಮೂರು ಸಾವಿರ ಜನರಿಗೆ ಮೈಕ್ ಇಲ್ಲದೆ ಹಾಡ್ತಾರೆ."

ಅಮ್ಮ ಸೌಟು ಹಿಡಿದುಕೊಂಡೇ ಫೋನಿನ ಕಡೆ ನೋಡಿದರು. "ಹೌದಾ? ಮತ್ತೆ ಇಲ್ಲಿ ಯಾಕೆ ಹೀಗೆ ಗೊಣಗ್ತಾನೆ? ಸ್ವಲ್ಪ ಜೋರಾಗಿ ಹಾಡ್ಬಾರ್ದಾ?"

ಸಾಸಿವೆ ಸಿಡಿಯಿತು. ನಾನು ಕೈ ಒರೆಸಿಕೊಂಡು ಹೋಗಿ ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿದೆ.